ಅಂಧರೊಡನೆ ಪರೀಕ್ಷೆಗೆ ಕುಳಿತುಕೊಳ್ಳುವವರಿಗೆ

ಬೆಂಗಳೂರಿನ ಸಾಫ್ಟ್‌ವೇರ್ ಕಚೇರಿಗೆ ಹೋಗುವ ಮಗನೋ ಸೊಸೆಯೋ ನಮ್ಮ ವಾಚಕರಲ್ಲಿ ಹಲವರ ಮನೆಯಲ್ಲಿ ಇದ್ದಾರು. ಈ ತಿಂಗಳ ಮಾತು ವಿಶೇಷವಾಗಿ ಅವರನ್ನು ಕುರಿತದ್ದು; ಹಿರಿಯರು ಓದಿ ಹೇಳಬಹುದು.

ಬ್ಯಾಂಕಿನವರು ಗ್ರಾಹಕರ ಗುರುತನ್ನು ಮೊಬೈಲಿನ ಮೂಲಕ ಪರೀಕ್ಷಿಸುವಾಗ ‘ಕಣ್ಣು ಮಿಟುಕಿಸಿರಿ’ ಎನ್ನುವುದುಂಟಷ್ಟೆ. ಆ್ಯಸಿಡ್ ದಾಳಿಯಿಂದ ಕಣ್ಣು ಕಳೆದುಕೊಂಡವರೂ ಅಂಧರೂ ಏನು ಮಾಡಬೇಕು? ಅವರ ಮೊರೆಯನ್ನಾಲಿಸಿದ ಸರ್ವೋಚ್ಚ ನ್ಯಾಯಾಲಯವು ೨೦೨೫ನೆಯ ಇಸವಿ ಏಪ್ರಿಲ್ ೩೦ರಂದು, ಡಿಜಿಟಲ್ ಸೌಕರ್ಯವನ್ನು ಪಡೆಯುವ ಹಕ್ಕು ಸಂವಿಧಾನದ ೨೧ನೆಯ ವಿಧಿಯಲ್ಲಿಯೇ ಅಡಗಿದೆಯೆಂದು ತೀರ್ಪಿತ್ತಿತು. ಇಂಥ ಸಂಸ್ಥೆಗಳು ಆ್ಯಪುಗಳನ್ನು ರಚಿಸುವಾಗ ಅಂಧರನ್ನೂ ಪರೀಕ್ಷೆಯಲ್ಲಿ ಸೇರಿಸಿಕೊಳ್ಳತಕ್ಕದ್ದೆಂದು ವಿಧಿಸಿತು. ನಾವು ಇದನ್ನು ಓದಿ ಸಂತೋಷಪಟ್ಟೆವು. ಆದರೆ ಅಂಧರನ್ನು ಕರೆತಂದು ಕುಳ್ಳಿರಿಸಿದ ಮಾತ್ರಕ್ಕೆ ಪರೀಕ್ಷೆಯಾಗದು. ಪಕ್ಕದಲ್ಲಿ ಕುಳಿತವರಿಗೂ ಕುಳಿತುಕೊಳ್ಳುವ ಬಗೆ ತಿಳಿದಿರಬೇಕು.

ಅಂಧರಲ್ಲಿ ಬಹುಮಂದಿ ಸ್ಕ್ರೀನ್ ರೀಡರ್ ಎಂಬ ತಂತ್ರಾಂಶದಿಂದ ಕೆಲಸ ನಡೆಸುತ್ತಾರೆ. ಕಂಪ್ಯೂಟರಿನಲ್ಲಿ ಎನ್‌ವಿಡಿಎ, ಜಾಸ್. ಮೊಬೈಲಿನಲ್ಲಿ ಟಾಕ್‌ಬ್ಯಾಕ್, ವಾಯ್ಸ್‌ಓವರ್. ತೆರೆಯ ಮೇಲಿನ ಬರಹವನ್ನು ಅದು ಗಟ್ಟಿಯಾಗಿ ಓದುತ್ತದೆ. ಪಳಗಿದವರು ಅದನ್ನು ಓಡಿಸುವ ವೇಗಕ್ಕೆ ನಮ್ಮಂಥವರ ಕಿವಿಗೆ ಅದು ಭಾಷೆಯೆಂದೇ ತೋರದು.

ಇಂಥ ಪರೀಕ್ಷೆಗಳಲ್ಲಿ ‘ಮನಸ್ಸಿಗೆ ಬಂದುದನ್ನು ಬಾಯಿಬಿಟ್ಟು ಹೇಳುತ್ತ ಹೋಗಿರಿ’ ಎನ್ನುವ ಪದ್ಧತಿಯಿದೆ. ಕಣ್ಣುಳ್ಳವನು ನೋಡುತ್ತ ಮಾತನಾಡಬಲ್ಲನು. ಕಿವಿಯಿಂದಲೇ ಓದುವವನು ಓದುತ್ತ ಮಾತನಾಡುವುದೆಂತು? ಒಂದು ಕಡೆ ಯಂತ್ರದ ನುಡಿ, ಮತ್ತೊಂದು ಕಡೆ ಪರೀಕ್ಷಕರ ಪ್ರಶ್ನೆ, ಎರಡೂ ಕೆಡುತ್ತವೆ. ಆದಕಾರಣ ಯಂತ್ರವು ನುಡಿಯುವಾಗ ಪರೀಕ್ಷಕರು ಸುಮ್ಮನಿರಬೇಕು. ಒಂದು ಕೆಲಸ ಮುಗಿದು, ಅವರೇ ದನಿಯನ್ನು ನಿಲ್ಲಿಸಿದ ಬಳಿಕ ಕೇಳಬೇಕು. ಶುಶ್ರೂಷೆಯೆಂಬ ಶಬ್ದಕ್ಕೆ ಸಂಸ್ಕೃತದಲ್ಲಿ ಮೂಲಾರ್ಥ ‘ಕೇಳುವ ಇಚ್ಛೆ’ ಎಂದೇ. ಸೇವೆಯೆಂಬ ಅರ್ಥ ಅದರಿಂದ ಹುಟ್ಟಿದುದು.

ಇನ್ನೊಂದು ಚಾಪಲ್ಯ, ಕೈ ಚಾಚುವುದು. ಗುಂಡಿ ಸಿಕ್ಕದೆ ತಡವರಿಸುವವರನ್ನು ಕಂಡು, ಕರುಣೆಯಿಂದಲೇ, ಪರೀಕ್ಷಕರು ತಾವೇ ಅದನ್ನು ಒತ್ತಿಬಿಡುತ್ತಾರೆ. ರಚಿಸಿದವರು ಆ ಗುಂಡಿಗೆ ಹೆಸರು ಕೊಡದೆ ಬಿಟ್ಟಿದ್ದರಿಂದ ಯಂತ್ರವು ಬರಿದೆ ‘ಬಟನ್’ ಎನ್ನುತ್ತಿತ್ತು. ಪತ್ತೆಯಾಗಬೇಕಾಗಿದ್ದ ದೋಷವೇ ಅದು. ಕರುಣೆಯು ಅದನ್ನು ಮುಚ್ಚಿತು, ಆ್ಯಪು ಹಾಗೆಯೇ ಊರಿಗೆಲ್ಲ ಹೋಯಿತು. ಹಾಗೆಂದು ಗಂಟೆಗಟ್ಟಲೆ ಬಳಲಿಸುವುದೂ ಸಲ್ಲದು. ‘ಸಹಾಯ ಬೇಕೆ?’ ಎಂದು ಕೇಳಿ, ಬೇಕೆಂದರೆ ಬಾಯಿಮಾತಿನಲ್ಲಿ ಹೇಳಿ, ಅವರು ಎಲ್ಲಿ ತಡೆದು ನಿಂತರೆಂಬುದನ್ನು ಬರೆದುಕೊಳ್ಳಬೇಕು.

ಪರೀಕ್ಷೆಯು ಅವರವರ ಮೊಬೈಲಿನಲ್ಲಿಯೇ ನಡೆಯುವುದು ಲೇಸು. ದನಿ, ವೇಗ ಎಲ್ಲವೂ ಅವರಿಗೆ ಒಗ್ಗಿರುತ್ತವೆ. ಆದರೆ ಆ ಯಂತ್ರಕ್ಕೆ ಗುಟ್ಟೆಂಬುದು ತಿಳಿಯದು! ನೆರೆದವರೆದುರಿಗೆ ಮಗಳ ಸಂದೇಶವನ್ನೂ ಬ್ಯಾಂಕಿನಲ್ಲುಳಿದ ಹಣವನ್ನೂ ಓದಿಬಿಟ್ಟೀತು. ಸಂದೇಶಗಳು ನಡುವೆ ಬಾರದಂತೆ ಮೊದಲೇ ಮಾಡಿಕೊಳ್ಳಲು ಹೇಳಿ, ಪರೀಕ್ಷೆಗೆಂದು ಕಲ್ಪಿತ ಖಾತೆಯೊಂದನ್ನು ಕೊಡಬೇಕು. ಒಪ್ಪಿಗೆಯ ಪತ್ರವನ್ನು ಯಂತ್ರವು ಓದಬಲ್ಲ ಬರಹವಾಗಿ ಮುಂಚೆಯೇ ಕಳುಹಿಸಬೇಕು. ಓದಗೊಡದೆ ರುಜು ಹಾಕಿಸುವುದು ಯಾವ ನ್ಯಾಯ? ಬಂದುಹೋಗುವ ಆಟೋ ಬಾಡಿಗೆಯನ್ನೂ ಅವರ ಹೊತ್ತಿನ ಬೆಲೆಯನ್ನೂ ಕೊಡತಕ್ಕದ್ದೆಂದು ಬೇರೆ ಹೇಳಬೇಕಾಗಿಲ್ಲ.

ಜೊತೆಯಲ್ಲಿ ಹೋಗುವ ಮನೆಯವರಿಗೂ ಒಂದು ಮಾತು. ‘ಇವರು ಕಾಫಿ ಕುಡಿಯುತ್ತಾರೆಯೆ?’ ಎಂದು ಯಾರಾದರೂ ನಿಮ್ಮನ್ನು ಕೇಳಿದರೆ ಉತ್ತರ ಕೊಡಬೇಡಿರಿ. ಅವರನ್ನೇ ಕೇಳಲಿ.