ಜೋಂಬಿ ಮನುಷ್ಯನೇ?

1992ರಲ್ಲಿ ಜರ್ಮನಿಯ ಸಂವಿಧಾನ ನ್ಯಾಯಾಲಯದ ಮುಂದಿದ್ದ ಪ್ರಕರಣವೊಂದರಲ್ಲಿ ಇತ್ಯರ್ಥವಾಗಬೇಕಿದ್ದ ಪ್ರಶ್ನೆಗಳಲ್ಲಿ ಒಂದು, ಜೋಂಬಿಯನ್ನು ಮನುಷ್ಯನೆಂದು ಪರಿಗಣಿಸಬಹುದೇ ಎಂಬುದು. ‘ದಿ ಈವಿಲ್ ಡೆಡ್’ ಎಂಬ ಅಮೆರಿಕದ ಭೀತಿಚಿತ್ರವನ್ನು ಅಲ್ಲಿನ ಕೆಳ ನ್ಯಾಯಾಲಯಗಳು ಮುಟ್ಟುಗೋಲು ಹಾಕಿದ್ದವು. ಮನುಷ್ಯರ ಮೇಲಿನ ಕ್ರೂರ ಹಿಂಸೆಯನ್ನು ವೈಭವೀಕರಿಸುವ ಚಿತ್ರಣ ಆ ದೇಶದ ದಂಡಸಂಹಿತೆಯ 131ನೇ ಕಲಮಿನ ಪ್ರಕಾರ ಅಪರಾಧ. ಆದರೆ ಆ ಚಿತ್ರದಲ್ಲಿ ಕೊಡಲಿಯ ಏಟು ತಿನ್ನುವವು ದುಷ್ಟಶಕ್ತಿ ಹೊಕ್ಕ ದೇಹಗಳು. ಶಾಸನದಲ್ಲಿ ‘ಮನುಷ್ಯ’ ಎಂದಿದ್ದರೆ ಮನುಷ್ಯನೆಂದೇ ಓದಬೇಕು, ಮನುಷ್ಯನನ್ನು ಹೋಲುವುದನ್ನೆಲ್ಲ ಅದರೊಳಗೆ ಸೇರಿಸಿ ದಂಡನೆಯ ವ್ಯಾಪ್ತಿಯನ್ನು ಹಿಗ್ಗಿಸುವ ಅಧಿಕಾರ ನ್ಯಾಯಾಧೀಶರಿಗಿಲ್ಲ ಎಂದು ಸಂವಿಧಾನ ನ್ಯಾಯಾಲಯ ಹೇಳಿತು. ಶಾಸಕಾಂಗ ಅಷ್ಟಕ್ಕೆ ಸುಮ್ಮನಾಗಲಿಲ್ಲ. 2004ರಲ್ಲಿ ಜಾರಿಗೆ ಬಂದ ತಿದ್ದುಪಡಿಯು ಅದೇ ಕಲಮಿಗೆ ‘ಮನುಷ್ಯಸದೃಶ ಜೀವಿಗಳು’ ಎಂಬ ಮಾತನ್ನು ಸೇರಿಸಿತು. ಕಾನೂನಿನ ಪುಸ್ತಕದಲ್ಲಿ ಜೋಂಬಿಗೆ ಅರ್ಧ ಮನುಷ್ಯನ ಸ್ಥಾನ ದೊರೆತದ್ದು ಹೀಗೆ.

ಪ್ಲೇಸ್ಟೇಷನ್ 5 ಅಥವಾ ಎಕ್ಸ್‌ಬಾಕ್ಸ್ ಸೀರೀಸ್ ಕನ್ಸೋಲನ್ನು ಮನೆಗೆ ತಂದವರು ಯಾವ ಜೋಂಬಿ ಆಟ ಉತ್ತಮವೆಂದು ವಿಚಾರಿಸಿದರೆ ಸಿಗುವ ಉತ್ತರ ಸಾಮಾನ್ಯವಾಗಿ ಆಯುಧಗಳ ಎಣಿಕೆ, ಚಿತ್ರದ ಸ್ಪಷ್ಟತೆ, ಒಮ್ಮೆಲೇ ನುಗ್ಗಿ ಬರುವ ಹೆಣಗಳ ಸಂಖ್ಯೆ. ಇವೆಲ್ಲ ಎರಡು ದಿನದಲ್ಲಿ ಹಳತಾಗುವ ಸಂಗತಿಗಳು. ಜರ್ಮನ್ ನ್ಯಾಯಾಲಯದ ಪ್ರಶ್ನೆಯೇ ಇದಕ್ಕಿಂತ ಒಳ್ಳೆಯ ಅಳತೆಗೋಲು. ಎದುರಿಗೆ ತೂರಾಡುತ್ತ ಬರುವ ಆಕೃತಿ ನಿನ್ನೆಯವರೆಗೆ ಯಾರಾಗಿತ್ತು ಎಂಬುದನ್ನು ಆಟಗಾರನು ಮರೆಯಲು ಬಿಡುವ ಆಟ ಒಂದು ಬಗೆ, ಮರೆಯಲು ಬಿಡದ ಆಟ ಇನ್ನೊಂದು ಬಗೆ.

ಜೋಂಬಿಯ ಮೂಲವನ್ನು ನೋಡಿದರೆ ಈ ಅಳತೆ ಸಕಾರಣವೆಂದು ತಿಳಿಯುತ್ತದೆ. ಅದು ಹೈಟಿಯ ಕಲ್ಪನೆ. ಕಬ್ಬಿನ ತೋಟಗಳಲ್ಲಿ ದುಡಿದು ಸತ್ತ ಆಫ್ರಿಕದ ಗುಲಾಮರ ಸಂತತಿ ಕಲ್ಪಿಸಿಕೊಂಡ ಅತಿ ದೊಡ್ಡ ಭಯವೆಂದರೆ ಸತ್ತ ಮೇಲೂ ದುಡಿಮೆ ತಪ್ಪದಿರುವುದು, ಮಾಂತ್ರಿಕನ ಆಜ್ಞೆಗೆ ಒಳಗಾಗಿ ದೇಹ ಮಾತ್ರ ಎದ್ದು ಹೊಲಕ್ಕೆ ನಡೆಯುವುದು. ಕನ್ನಡದ ಓದುಗರಿಗೆ ಪರಿಚಿತವಾದ ಪ್ರೇತಲೋಕ ಇದಕ್ಕಿಂತ ತೀರ ಬೇರೆ. ಶವವನ್ನು ಹೊಕ್ಕ ಬೇತಾಳ ವಿಕ್ರಮನ ಹೆಗಲೇರಿ ನ್ಯಾಯದ ಪ್ರಶ್ನೆ ಕೇಳುತ್ತದೆ. ಕಾಸರಗೋಡಿನ ಕಡೆಯ ಭೂತವಂತೂ ಕೋಲದಲ್ಲಿ ನುಡಿ ಕೊಟ್ಟು ವ್ಯಾಜ್ಯವನ್ನೇ ತೀರ್ಮಾನಿಸುತ್ತದೆ. ಜೋಂಬಿಗೆ ಮಾತಿಲ್ಲ. ಅದರ ಪರವಾಗಿ ವಾದಿಸುವವರೂ ಇಲ್ಲ.

ಹೈಟಿಯ ಈ ಮೂಕ ಗುಲಾಮನನ್ನು ನರಭಕ್ಷಕ ಗುಂಪಾಗಿ ಬದಲಿಸಿದವನು ಜಾರ್ಜ್ ರೊಮೆರೊ. ಅವನ 1968ರ ‘ನೈಟ್ ಆಫ್ ದಿ ಲಿವಿಂಗ್ ಡೆಡ್’ ಚಿತ್ರದಲ್ಲಿ ಜೋಂಬಿ ಎಂಬ ಶಬ್ದವೇ ಬರುವುದಿಲ್ಲವೆಂಬುದು ಸ್ವಾರಸ್ಯ. ವಿತರಕರು ಕೊನೆಯ ಗಳಿಗೆಯಲ್ಲಿ ಚಿತ್ರದ ಹೆಸರು ಬದಲಿಸಿದಾಗ ಹೊಸ ಶೀರ್ಷಿಕೆಯ ಜೊತೆಯಲ್ಲಿ ಇರಬೇಕಿದ್ದ ಕೃತಿಸ್ವಾಮ್ಯದ ಸೂಚನೆ ಬಿಟ್ಟುಹೋಯಿತು. ಅಂದಿನ ಅಮೆರಿಕದ ಕಾನೂನಿನಲ್ಲಿ ಸೂಚನೆಯಿಲ್ಲದೆ ಪ್ರಕಟಿಸಿದರೆ ಹಕ್ಕೇ ಹೋಯಿತು. ಒಂದು ಸಾಲಿನ ಅಚಾತುರ್ಯದಿಂದ ಆ ಚಿತ್ರ ಸಾರ್ವಜನಿಕರ ಸೊತ್ತಾಯಿತು. ಜೋಂಬಿಗಳು ಇಷ್ಟೊಂದು ಆಟಗಳಲ್ಲಿ ಬಾಡಿಗೆಯಿಲ್ಲದೆ ವಾಸವಾಗಿರುವುದಕ್ಕೆ ಇದೂ ಒಂದು ಕಾರಣ.

ರೊಮೆರೊನ ಮುಂದಿನ ಜೋಂಬಿ ಚಿತ್ರ ‘ಡಾನ್ ಆಫ್ ದಿ ಡೆಡ್’ ಮಾತ್ರ ಹಕ್ಕುದಾರರ ಭದ್ರ ಹಿಡಿತದಲ್ಲಿತ್ತು. ಶಾಪಿಂಗ್ ಮಾಲೊಂದರಲ್ಲಿ ಸಿಕ್ಕಿಬಿದ್ದವರು, ಹೊರಗೆ ಜೋಂಬಿಗಳ ಜಾತ್ರೆ, ಇದು ಅದರ ಕಥೆ. ಜಪಾನಿನ ಕ್ಯಾಪ್‌ಕಾಮ್ ಕಂಪನಿ 2006ರಲ್ಲಿ ಹೊರತಂದ ‘ಡೆಡ್ ರೈಸಿಂಗ್’ ಆಟದಲ್ಲೂ ಮಾಲ್ ಇದೆ, ಜಾತ್ರೆ ಇದೆ. ಚಿತ್ರಕ್ಕೂ ಆಟಕ್ಕೂ ಸಂಬಂಧವಿಲ್ಲವೆಂದು ಪೆಟ್ಟಿಗೆಯ ಮೇಲೆಯೇ ಅಚ್ಚು ಹಾಕಿಸಿದ್ದರೂ ತಕರಾರು ತಪ್ಪಲಿಲ್ಲ. 2008ರಲ್ಲಿ ಕ್ಯಾಲಿಫೋರ್ನಿಯದ ಫೆಡರಲ್ ನ್ಯಾಯಾಲಯ ಚಿತ್ರದ ಹಕ್ಕುದಾರರ ಬೇಡಿಕೆಯನ್ನು ವಜಾ ಮಾಡಿತು. ಮಾಲಿನಲ್ಲಿ ಮನುಷ್ಯರು ಜೋಂಬಿಗಳ ವಿರುದ್ಧ ಹೋರಾಡುವುದು ಕೇವಲ ಒಂದು ಕಲ್ಪನೆ, ಕಲ್ಪನೆಗೆ ಕೃತಿಸ್ವಾಮ್ಯವಿಲ್ಲ. ಭಾರತದ ಸರ್ವೋಚ್ಚ ನ್ಯಾಯಾಲಯ 1978ರಲ್ಲಿಯೇ ಆರ್.ಜಿ. ಆನಂದ್ ಪ್ರಕರಣದಲ್ಲಿ ಇದೇ ತತ್ವವನ್ನು ಎತ್ತಿಹಿಡಿದಿತ್ತು. ‘ಹಮ್ ಹಿಂದುಸ್ತಾನಿ’ ನಾಟಕದ ಕರ್ತೃ ‘ನ್ಯೂ ದೆಹಲಿ’ ಸಿನಿಮಾದ ಮೇಲೆ ಹೂಡಿದ ಆ ದಾವೆಯಲ್ಲಿ ವಸ್ತು ಒಂದೇ ಆದರೂ ನಿರೂಪಣೆ ಬೇರೆ ಎಂಬ ಕಾರಣಕ್ಕೆ ನಾಟಕಕಾರ ಸೋತ.

ಕಾನೂನಿನಲ್ಲಿ ಗೆದ್ದ ‘ಡೆಡ್ ರೈಸಿಂಗ್’ ಈ ಅಂಕಣದ ಅಳತೆಗೋಲಿನಲ್ಲಿ ಗೆಲ್ಲುತ್ತದೆಯೇ? 2024ರಲ್ಲಿ ಹೊಸ ಯಂತ್ರಗಳಿಗೆ ಹೊಂದುವಂತೆ ಅದನ್ನು ಪುನಃ ರೂಪಿಸಿದ್ದಾರೆ. ಪತ್ರಿಕಾ ಛಾಯಾಗ್ರಾಹಕ ಫ್ರಾಂಕ್ ವೆಸ್ಟ್ 72 ಗಂಟೆ ಮಾಲಿನಲ್ಲಿದ್ದು ಸತ್ಯವನ್ನು ಹೊರತರಬೇಕು. ಆದರೆ ಆಟದ ಆಕರ್ಷಣೆ ಸತ್ಯಶೋಧನೆಯಲ್ಲ, ಹುಲ್ಲು ಕತ್ತರಿಸುವ ಯಂತ್ರವನ್ನು ಹೆಣಗಳ ನಡುವೆ ಓಡಿಸುವುದು. ಮೂಲ ಆಟದಲ್ಲಿ 53,594 ಜೋಂಬಿಗಳನ್ನು ಕೊಂದವರಿಗೆ ವಿಶೇಷ ಬಿರುದು ಇತ್ತು. ಆ ಸಂಖ್ಯೆ ಎಲ್ಲಿಂದ ಬಂತೆಂದರೆ, ಅದು ಕಥೆ ನಡೆಯುವ ವಿಲ್ಲಾಮೆಟ್ ಊರಿನ ಒಟ್ಟು ಜನಸಂಖ್ಯೆ! ಬಿರುದಿನ ಹೆಸರಿನಲ್ಲಿಯೂ ನರಮೇಧ ಎಂಬ ಅರ್ಥದ ಶಬ್ದವಿದೆ. ಇದನ್ನು ವಿಡಂಬನೆಯೆಂದು ಸಮರ್ಥಿಸಬಹುದು, ರೊಮೆರೊನ ಚಿತ್ರವೂ ಕೊಳ್ಳುಬಾಕತನದ ವಿಡಂಬನೆಯೇ. ಆದರೆ ಇಡೀ ಊರನ್ನು ಬಡಿದು ಮುಗಿಸುವ ಆಟಗಾರ ನಿಜಕ್ಕೂ ವಿಡಂಬನೆಯನ್ನು ಸವಿಯುತ್ತಿರುತ್ತಾನೆಯೇ ಎಂಬುದು ಸಂದೇಹ. ಜರ್ಮನಿ ಈ ಆಟವನ್ನು ಮುಟ್ಟುಗೋಲು ಹಾಕಿದ್ದು ಅದೇ 131ನೇ ಕಲಮಿನ ಕೆಳಗೆ.

ಅದೇ ಕಂಪನಿಯ ‘ರೆಸಿಡೆಂಟ್ ಈವಿಲ್ 2’ ಇದಕ್ಕೆ ನೇರ ವಿರುದ್ಧ. 1998ರ ಆಟವನ್ನು 2019ರಲ್ಲಿ ಬುಡದಿಂದ ಹೊಸದಾಗಿ ಕಟ್ಟಿದರು. ಇಂದಿನ ಕನ್ಸೋಲಿನಲ್ಲಿ ಒಂದೇ ಒಂದು ಜೋಂಬಿ ಆಟ ಆಡುವುದಾದರೆ ಇದನ್ನೇ ಆಡಬೇಕು. ಕೆಲಸದ ಮೊದಲ ದಿನವೇ ರಕೂನ್ ಸಿಟಿಯ ಪೊಲೀಸ್ ಠಾಣೆಗೆ ಬರುವ ಯುವಕ ಲಿಯಾನ್ ಕೆನಡಿಗೆ ಅಲ್ಲಿ ಉಳಿದವರು ಬಹುತೇಕ ಯಾರೂ ಸಿಗುವುದಿಲ್ಲ. ಗುಂಡುಗಳು ಕಡಿಮೆ, ಚೀಲದಲ್ಲಿ ಮೊದಲಿಗೆ ಎಂಟೇ ಸ್ಥಾನ. ತಲೆಗೆ ಮೂರು ನಾಲ್ಕು ಗುಂಡು ಬಿದ್ದರೂ ಜೋಂಬಿ ಎದ್ದು ಬರಬಹುದು. ಆದ್ದರಿಂದ ಕೊಲ್ಲುವುದಕ್ಕಿಂತ ತಪ್ಪಿಸಿಕೊಳ್ಳುವುದು ಲೇಸೆಂಬ ಲೆಕ್ಕ ಆಟಗಾರನಿಗೆ ಬೇಗ ಹತ್ತುತ್ತದೆ. ಕಿಟಕಿಗಳಿಗೆ ಹಲಗೆ ಬಡಿಯುವುದು, ಯಾವ ಪಡಸಾಲೆಯಲ್ಲಿ ಎಷ್ಟು ಹೆಣಗಳಿವೆಯೆಂದು ನೆನಪಿಟ್ಟುಕೊಳ್ಳುವುದು, ಬೆರಳಚ್ಚು ಯಂತ್ರವಿರುವ ಕೋಣೆ ತಲುಪಿದಾಗ ಆಟವನ್ನು ಉಳಿಸಿ ನಿಟ್ಟುಸಿರು ಬಿಡುವುದು, ಹೀಗೆ ಆಟ ಸಾಗುತ್ತದೆ. ಠಾಣೆಯ ಹಿರಿಯ ಅಧಿಕಾರಿ ಮಾರ್ವಿನ್ ಗಾಯಗೊಂಡಿದ್ದರೂ ಲಿಯಾನನ ಜೀವ ಉಳಿಸಿ ತನ್ನ ಚಾಕುವನ್ನು ಕೊಡುತ್ತಾನೆ. ಅದೇ ಮಾರ್ವಿನ್ ಮುಂದೆ ಜೋಂಬಿಯಾಗಿ ಎದುರು ನಿಲ್ಲುತ್ತಾನೆ.

ಈ ಆಟದ ಅತ್ಯಂತ ಮುಖ್ಯವಾದ ಘಳಿಗೆಯಲ್ಲಿ ಆಟಗಾರನ ಕೈಯಲ್ಲಿ ಕೆಲಸವೇ ಇಲ್ಲ. ಬಂದೂಕಿನ ಅಂಗಡಿಯ ಕೆಂಡೋ ಎಂಬಾತನ ಪುಟ್ಟ ಮಗಳಿಗೆ ಸೋಂಕು ತಗಲಿದೆ. ಲಿಯಾನ್ ಕರ್ತವ್ಯದಂತೆ ಬಂದೂಕು ಎತ್ತುತ್ತಾನೆ, ತಂದೆ ಅಡ್ಡ ನಿಲ್ಲುತ್ತಾನೆ. ಅಧಿಕಾರಿಯ ಪಾಲಿಗೆ ಅದು ಅಪಾಯ, ತಂದೆಯ ಪಾಲಿಗೆ ಇನ್ನೂ ಮಗಳು. ಆತ ಮಗುವನ್ನು ಎತ್ತಿಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾನೆ. ಸ್ವಲ್ಪ ಹೊತ್ತಿನ ಮೇಲೆ ಗುಂಡಿನ ಸದ್ದು ಕೇಳಿಸುತ್ತದೆ.

ಇದೇ ಸರಣಿಯ ನಾಲ್ಕನೆಯ ಆಟ, 2023ರಲ್ಲಿ ಹೊಸದಾಗಿ ಬಂದದ್ದು, ಆಟವಾಗಿ ಇನ್ನೂ ಚುರುಕು. ಆದರೆ ಅಲ್ಲಿನ ಶತ್ರುಗಳು ಹೆಣಗಳಲ್ಲ, ಸ್ಪೇನಿನ ಹಳ್ಳಿಗರು, ಪರೋಪಜೀವಿಯ ವಶರಾಗಿದ್ದರೂ ತಮ್ಮ ಭಾಷೆಯಲ್ಲೇ ಕೂಗಾಡುವವರು. ಅವರಿಗಿಟ್ಟ ‘ಗನಾಡೋ’ ಎಂಬ ಹೆಸರಿನ ಅರ್ಥ ದನಕರು! ಐದನೆಯ ಆಟ ಆಫ್ರಿಕಕ್ಕೆ ಹೋಗಿ, ಬಿಳಿಯ ನಾಯಕ ಕಪ್ಪು ಜನರ ಗುಂಪಿಗೆ ಗುಂಡಿಕ್ಕುವ ದೃಶ್ಯಗಳಿಂದ ತೀವ್ರ ಟೀಕೆಗೆ ಗುರಿಯಾಯಿತು. ಹೈಟಿಯ ಗುಲಾಮನಿಂದ ಹುಟ್ಟಿದ ಕಲ್ಪನೆ ಹೀಗೆ ತಿರುಗಿದ್ದನ್ನು ಕಂಡರೆ, ‘ಮನುಷ್ಯಸದೃಶ’ ಎಂಬ ಶಬ್ದವನ್ನು ಯಾರು ಯಾರಿಗೆ ಅನ್ವಯಿಸುತ್ತಾರೆಂಬುದು ಎಷ್ಟು ಅಪಾಯದ ವಿಷಯವೆಂದು ಗೊತ್ತಾಗುತ್ತದೆ.

‘ದಿ ಲಾಸ್ಟ್ ಆಫ್ ಅಸ್’ ಬಗ್ಗೆ ಬಹಳ ಬರೆಯಬೇಕಿಲ್ಲ, 2023ರಿಂದ ಟೆಲಿವಿಷನ್ ಧಾರಾವಾಹಿಯಾಗಿಯೂ ಜನ ನೋಡಿದ್ದಾರೆ. 2013ರ ಮೊದಲ ಭಾಗ 2022ರಲ್ಲಿ ಪ್ಲೇಸ್ಟೇಷನ್ 5ಕ್ಕೆ ಹೊಸ ರೂಪದಲ್ಲಿ ಬಂದಿದೆ. ಶಿಲೀಂಧ್ರದ ಸೋಂಕಿಗೆ ಹೊಸದಾಗಿ ಒಳಗಾದವರು ಅಳುವವರಂತೆ ನರಳುತ್ತ ತಿರುಗುವುದು ಆ ಆಟದ ಮರೆಯಲಾಗದ ಸದ್ದು. ಹದಿನಾಲ್ಕರ ಹುಡುಗಿ ಎಲ್ಲಿಗೆ ಕಡಿತವಾಗಿದೆ, ಆದರೆ ರೋಗ ಹತ್ತಿಲ್ಲ. ಸೈನಿಕರ ಯಂತ್ರಕ್ಕೆ ಮಾತ್ರ ಅವಳು ಸೋಂಕಿತೆ, ನಿಯಮದ ಪ್ರಕಾರ ಕೊಲ್ಲತಕ್ಕವಳು. 2020ರ ಎರಡನೆಯ ಭಾಗದಲ್ಲಿ ಆಟಗಾರ ಕೊಂದ ಕಾವಲುಗಾರನನ್ನು ಅವನ ಸಂಗಡಿಗರು ಹೆಸರು ಹಿಡಿದು ಕೂಗಿ ಗೋಳಾಡುತ್ತಾರೆ. ಆ ಹೆಸರು ಕಿವಿಗೆ ಬಿದ್ದ ಮೇಲೆ ಮುಂದಿನ ಗುಂಡು ಹಾರಿಸುವುದು ಅಷ್ಟು ಸುಲಭವಲ್ಲ.

ವಕೀಲರಿಗೂ ಕಾನೂನು ವಿದ್ಯಾರ್ಥಿಗಳಿಗೂ ಹೇಳಿ ಮಾಡಿಸಿದ ಆಟವೆಂದರೆ ‘ದಿ ವಾಕಿಂಗ್ ಡೆಡ್’. ಟೆಲ್‌ಟೇಲ್ ಸಂಸ್ಥೆ 2012ರಲ್ಲಿ ಕಂತುಗಳಾಗಿ ಹೊರತಂದ ಇದು ಇಂದು ಎಲ್ಲ ಋತುಗಳೂ ಸೇರಿದ ಒಂದೇ ಸಂಪುಟವಾಗಿ ಲಭ್ಯ. ಇಲ್ಲಿ ಗುಂಡು ಹಾರಿಸುವ ಕೈಚಳಕ ಬೇಕಿಲ್ಲ, ಮಾತು ಮತ್ತು ತೀರ್ಮಾನ ಸಾಕು. ನಾಯಕ ಲೀ ಕೊಲೆಯ ಅಪರಾಧ ಸಾಬೀತಾಗಿ ಪೊಲೀಸ್ ಕಾರಿನಲ್ಲಿ ಸೆರೆಮನೆಗೆ ಹೋಗುತ್ತಿರುವಾಗಲೇ ಲೋಕ ಕುಸಿಯುತ್ತದೆ. ಎರಡನೆಯ ಕಂತಿನಲ್ಲಿ ಕೆಲವರು ಮಾಂಸ ಇಡುವ ಕೋಣೆಯಲ್ಲಿ ಬಂದಿಗಳಾಗಿರುವಾಗ ಲ್ಯಾರಿ ಎಂಬ ಮುದುಕ ಎದೆ ಹಿಡಿದುಕೊಂಡು ಬೀಳುತ್ತಾನೆ. ಆ ಲೋಕದಲ್ಲಿ ಸತ್ತವರೆಲ್ಲ ಜೋಂಬಿಗಳಾಗುತ್ತಾರೆ. ಮಗಳು ಅವನ ಎದೆಯನ್ನು ಒತ್ತುತ್ತ ಉಸಿರು ಮರಳಿಸಲು ಹೆಣಗುತ್ತಾಳೆ. ಸಂಗಡಿಗನೊಬ್ಬ ಅವನು ಏಳುವ ಮೊದಲೇ ತಲೆ ಜಜ್ಜಬೇಕೆನ್ನುತ್ತಾನೆ. ಲ್ಯಾರಿ ಸತ್ತಿದ್ದಾನೆಯೇ? ಸತ್ತಿಲ್ಲವಾದರೆ ಅದು ಕೊಲೆ. ಸತ್ತಿದ್ದರೆ ಆತ್ಮರಕ್ಷಣೆ. ಯಾರ ಪಕ್ಷ ವಹಿಸಬೇಕೆಂದು ತೀರ್ಮಾನಿಸಲು ಆಟಗಾರನಿಗೆ ಸಿಗುವುದು ಕೆಲವೇ ಕ್ಷಣ, ವಾಯಿದೆ ಕೇಳುವಂತಿಲ್ಲ. ಆಟ ಸರಿ ಉತ್ತರವನ್ನು ಕೊನೆಯವರೆಗೂ ಹೇಳುವುದಿಲ್ಲ.

ಉಳಿದವುಗಳನ್ನು ಬೇಗ ಹೇಳಿ ಮುಗಿಸಬಹುದು. ಪೋಲೆಂಡಿನ ಟೆಕ್‌ಲ್ಯಾಂಡ್ ಸಂಸ್ಥೆಯ ‘ಡೈಯಿಂಗ್ ಲೈಟ್’ (2015) ಹಗಲಿನಲ್ಲಿ ಮಾಳಿಗೆಯಿಂದ ಮಾಳಿಗೆಗೆ ಹಾರುವ ಉಲ್ಲಾಸ, ರಾತ್ರಿಯಾದೊಡನೆ ಶುದ್ಧ ಭಯ. ಇದೇ ಸಾಲಿನ ‘ದಿ ಬೀಸ್ಟ್’ 2025ರಲ್ಲಿ ಬಂದಿದೆ. ‘ಡೇಸ್ ಗಾನ್’ ಆಟದಲ್ಲಿ ಬೈಕಿನ ಪೆಟ್ರೋಲು ಮುಗಿಯುವ ಆತಂಕ, ನೂರಾರು ಸೋಂಕಿತರು ಒಂದೇ ಪ್ರವಾಹವಾಗಿ ಬೆನ್ನಟ್ಟುವ ದೃಶ್ಯ ಚೆನ್ನಾಗಿವೆ, ಕಥೆ ಮಾತ್ರ ಉದ್ದ. ನಾಲ್ವರು ಗೆಳೆಯರು ಸೇರಿ ಆಡಲು ಹಳೆಯ ‘ಲೆಫ್ಟ್ 4 ಡೆಡ್ 2’ನ್ನು ಮೀರಿಸಿದ್ದು ಇನ್ನೂ ಬಂದಿಲ್ಲ. ಎಕ್ಸ್‌ಬಾಕ್ಸ್‌ನ ಹೊಸ ಯಂತ್ರಗಳಲ್ಲೂ ಅದು ಓಡುತ್ತದೆ. 2009ರಲ್ಲಿ ಆಸ್ಟ್ರೇಲಿಯ ಇದರ ಮೂಲ ರೂಪಕ್ಕೆ ಅನುಮತಿ ನಿರಾಕರಿಸಿತ್ತು. ವಯಸ್ಕರ ಆಟಗಳಿಗೆ ಪ್ರತ್ಯೇಕ ವರ್ಗ 2013ರಲ್ಲಿ ಅಲ್ಲಿ ಬಂದ ಮೇಲೆ, ಮರುವರ್ಷ ಅದೇ ರೂಪಕ್ಕೆ ಒಪ್ಪಿಗೆ ದೊರೆಯಿತು.

ಭಾರತದಲ್ಲಿ ಸಿನಿಮಾಕ್ಕೆ 1952ರ ಅಧಿನಿಯಮವೂ ಪ್ರಮಾಣಪತ್ರ ಮಂಡಳಿಯೂ ಇವೆ, ವಿಡಿಯೋ ಗೇಮಿಗೆ ಅಂಥ ಮಂಡಳಿಯಿಲ್ಲ. ಪೆಟ್ಟಿಗೆಯ ಮೂಲೆಯಲ್ಲಿ ಕೆಂಪು ಚೌಕದೊಳಗೆ 18 ಎಂಬ ಅಂಕಿಯಿದ್ದರೆ ಅದು ಯುರೋಪಿನವರು ತಮ್ಮ ಮಕ್ಕಳಿಗಾಗಿ ಮಾಡಿಕೊಂಡ ವ್ಯವಸ್ಥೆ. ಅಂಗಡಿಯವನು ಅದನ್ನು ನೋಡಿ ಮಾರಬೇಕೆಂಬ ನಿರ್ಬಂಧ ಇಲ್ಲಿಲ್ಲ, ನೋಡಿ ಕೊಳ್ಳುವ ಹೊಣೆ ಮನೆಯವರದೇ. ಕನ್ಸೋಲಿನಲ್ಲಿ ಪೋಷಕರು ರಹಸ್ಯ ಸಂಖ್ಯೆಯಿಟ್ಟು ವಯಸ್ಸಿನ ಮಿತಿ ಹಾಕುವ ಸೌಕರ್ಯವಿದೆ, ಹಲವು ಮನೆಗಳಲ್ಲಿ ಆ ಸಂಖ್ಯೆಯನ್ನು ಇಟ್ಟವನೇ ಮಗ ಎಂಬುದು ಬೇರೆ ಮಾತು. ಇಲ್ಲಿಯವರೆಗೆ ಹೆಸರಿಸಿದ ಆಟಗಳೆಲ್ಲ ವಯಸ್ಕರಿಗೆ ಮೀಸಲು.

ಮಕ್ಕಳಿರುವ ಮನೆಗೆ ‘ಪ್ಲಾಂಟ್ಸ್ ವರ್ಸಸ್ ಜೋಂಬೀಸ್’ ಇದೆ. 2009ರ ಈ ಆಟ 2025ರಲ್ಲಿ ‘ರೀಪ್ಲಾಂಟೆಡ್’ ಎಂಬ ಹೆಸರಿನಲ್ಲಿ ಹೊಸ ಕನ್ಸೋಲುಗಳಿಗೆ ಬಂದಿದೆ. ಅಂಗಳದಲ್ಲಿ ಸೂರ್ಯಕಾಂತಿ, ಬಟಾಣಿ ನೆಟ್ಟು ಜೋಂಬಿಗಳನ್ನು ತಡೆಯಬೇಕು. ಅಲ್ಲಿನ ಜೋಂಬಿಗಳು ನಡುನಡುವೆ ಮನೆಯವರಿಗೆ ಚೀಟಿ ಬರೆದು ಕಳುಹಿಸುತ್ತವೆ. ಕಾಗುಣಿತ ತುಂಬ ತಪ್ಪು, ಬೇಡಿಕೆ ಮಾತ್ರ ಸ್ಪಷ್ಟ: ಒಳಗೆ ಬರಲು ಬಿಟ್ಟರೆ ಮೆದುಳು ತಿಂದು ಹೋಗುತ್ತೇವೆ.