ಮಂಜಿನೊಳಗಿನ ದೀಪ

ಡಿಸೆಂಬರ್ ರಜೆಯಲ್ಲಿ ಅಕ್ಕನ ಊರಿಗೆ ಹೊರಟರೆ ಬಟ್ಟೆಬರೆಗಿಂತ ಮೊದಲು ಕಾರಿಗೆ ಏರೋದು ನನ್ನ ಎಂಟು ಇಂಚಿನ ದೂರದರ್ಶಕ. ಅಲ್ಲಿ ತಾರಸಿ ಮೇಲೆ ಕತ್ತಲೆ ಅಂದ್ರೆ ನಿಜವಾದ ಕತ್ತಲೆ. ಈ ಸಲ ಒಂಬತ್ತನೇ ಕ್ಲಾಸಿನ ಅಕ್ಕನ ಮಗಳಿಗೆ ಎನ್‌ಜಿಸಿ 1514 ತೋರಿಸಬೇಕು ಅಂತಿತ್ತು. ಕೃತ್ತಿಕೆಯಿಂದ ಈಶಾನ್ಯಕ್ಕೆ, ಕೈ ಚಾಚಿ ಹಿಡಿದ ಮುಷ್ಟಿಗಿಂತ ತುಸು ಕಡಿಮೆ ದೂರದಲ್ಲಿ, ವೃಷಭ ರಾಶಿಯ ಅಂಚಿನಲ್ಲಿದೆ ಅದು.

"ಬರೀ ನಕ್ಷತ್ರ, ಚಿಕ್ಕಮ್ಮಾ" ಅಂದಳು.

"ನೇರ ನೋಡ್ಬೇಡ, ಸ್ವಲ್ಪ ಪಕ್ಕಕ್ಕೆ ನೋಡು." ಮಂದ ಬೆಳಕನ್ನು ಕಣ್ಣಿನ ನಡುಭಾಗಕ್ಕಿಂತ ಅಂಚು ಚೆನ್ನಾಗಿ ಹಿಡಿಯುತ್ತೆ. ಆಮೇಲೆ ಆಕ್ಸಿಜನ್ ಹೊಮ್ಮಿಸುವ ಹಸಿರು ಬೆಳಕನ್ನಷ್ಟೇ ಬಿಡುವ ಫಿಲ್ಟರ್ ಹಾಕಿದೆ. ನಕ್ಷತ್ರ ಮಂಕಾಯಿತು.

"ಅಯ್ಯೋ, ಸುತ್ತ ಮಂಜಿದೆ!"

ಇದಕ್ಕೆ ಗ್ರಹೀಯ ನೀಹಾರಿಕೆ ಅಂತ ಹೆಸರು, ಗ್ರಹಕ್ಕೂ ಇದಕ್ಕೂ ಸಂಬಂಧ ಇಲ್ಲ. ಸೂರ್ಯನಂಥ ನಕ್ಷತ್ರ ಮುಪ್ಪಿನಲ್ಲಿ ತನ್ನ ಹೊರಪದರಗಳನ್ನು ಕಳಚಿ ಹಾಕುತ್ತೆ. ಉಳಿದ ಸುಡುಬಿಸಿ ತಿರುಳಿನ ಅತಿನೇರಳೆ ಕಿರಣ ತಗುಲಿ ಆ ಅನಿಲ ಹೊಳೆಯುತ್ತೆ. ಇಷ್ಟು ಸರಿಯಾಗೇ ಹೇಳಿದೆ. "ಅಂದ್ರೆ ನಡುವೆ ಕಾಣ್ತಿರೋದೇ ದೀಪನಾ? ಸಾಯ್ತಿರೋ ನಕ್ಷತ್ರ ಇಷ್ಟು ಜೋರಾಗಿರುತ್ತಾ?" ಅಂತ ಕೇಳಿದಳು. ಹೂಂ ಅಂದುಬಿಟ್ಟೆ.

ಊರಿಗೆ ಬಂದ ಮೇಲೂ ಆ ಪ್ರಶ್ನೆ ಕೊರೀತಾನೇ ಇತ್ತು. ಹುಡುಕಿ ಓದಿದರೆ, ನಾನು ಹೇಳಿದ್ದು ತಪ್ಪು! ನಾವು ಕಂಡ ನಕ್ಷತ್ರದ ಮೈ ಬಿಸಿ ಸುಮಾರು 10,000 ಡಿಗ್ರಿ ಅಷ್ಟೇ. ಅನಿಲ ಹೀಗೆ ಹೊಳೆಯೋಕೆ ಅದು ಏನೇನೂ ಸಾಲದು. ನಿಜವಾದ ದೀಪ ಅದರ ಮಗ್ಗುಲಲ್ಲೇ ಇರುವ ಇನ್ನೊಂದು ಪುಟ್ಟ ನಕ್ಷತ್ರ. ವಿಪರೀತ ಬಿಸಿ, ಆದರೆ ಅದರ ಬೆಳಕಿನ ಬಹುಪಾಲು ನಮ್ಮ ಕಣ್ಣಿಗೆ ಕಾಣದ ಅತಿನೇರಳೆ. ಲಾ ಪಾಲ್ಮಾ ದ್ವೀಪದ ಮರ್ಕೇಟರ್ ದೂರದರ್ಶಕದಿಂದ ವರ್ಷಗಟ್ಟಲೆ ಆ ಬೆಳಕನ್ನು ಅಳೆದವರು, ಕಾಣುವ ನಕ್ಷತ್ರ ನಮ್ಮತ್ತ ಬಂದು ಹಿಂದೆ ಸರಿಯುವ ತೂಗಾಟ ಹಿಡಿದು, ಇವೆರಡೂ ಒಂದನ್ನೊಂದು ಸುತ್ತೋಕೆ ಸುಮಾರು ಒಂಬತ್ತು ವರ್ಷ ಬೇಕು ಅಂತ 2017ರಲ್ಲಿ ಪ್ರಕಟಿಸಿದರು.

ಈ ನಕ್ಷತ್ರ ದೊಡ್ಡವರನ್ನೂ ಯಾಮಾರಿಸಿದೆ ಅನ್ನೋದು ನನಗೆ ಸ್ವಲ್ಪ ಸಮಾಧಾನ. ದೊಡ್ಡ ದೂರದರ್ಶಕ ಇದ್ದರೆ ಯಾವ ನೀಹಾರಿಕೆಯೂ ನಕ್ಷತ್ರಗಳ ಗುಂಪಾಗಿ ಬಿಡಿಬಿಡಿಯಾಗಿ ಕಂಡೀತು ಅಂದುಕೊಂಡಿದ್ದ ವಿಲಿಯಂ ಹರ್ಶೆಲ್, 1790ರ ನವೆಂಬರ್ 13ರ ರಾತ್ರಿ ಇದನ್ನು ಕಂಡು ಮನಸ್ಸು ಬದಲಿಸಿದ. ಒಂಟಿ ನಕ್ಷತ್ರ, ಸುತ್ತ ಒಂದೇ ಸಮನೆ ಮಂಜು: ಇದು ಹೊಳೆಯುವ ದ್ರವ್ಯವೇ ಇರಬೇಕು ಅಂತ. ಅದು ಸರಿ. ಆದರೆ ಆ ದ್ರವ್ಯ ಗಟ್ಟಿಯಾಗಿ ನಕ್ಷತ್ರ ಹುಟ್ಟಬಹುದು ಅಂತಲೂ ಊಹಿಸಿದ. ಇಲ್ಲಿ ನಡೆದಿದ್ದು ತಿರುವುಮುರುವು.

ಫೋನ್ ಮಾಡಿ ತಪ್ಪೊಪ್ಪಿಕೊಂಡೆ. "ಅಯ್ಯೋ ಚಿಕ್ಕಮ್ಮಾ, ಸ್ಕೂಲಿನ ಗೋಡೆಪತ್ರಿಕೆಗೆ ಬರೆದು ಅಂಟಿಸಿಬಿಟ್ಟಿದ್ದೀನಿ!" ಅಂತ ಕೂಗಿದಳು. ನಾಳೇನೇ ಬದಲಾಯಿಸು, ತಪ್ಪು ನಂದು ಅಂತಲೂ ಬರಿ ಅಂದೆ. ಇನ್ನೊಂದು ನಕ್ಷತ್ರ ನಮ್ಮ ದೂರದರ್ಶಕದಲ್ಲಿ ಕಾಣಲ್ವಾ ಅಂತ ಕೇಳಿದಳು. ಇಲ್ಲ ಕಣೇ, ಎರಡೂ ತೀರಾ ಅಂಟಿಕೊಂಡಿವೆ.

ಸ್ವಲ್ಪ ಹೊತ್ತು ಸುಮ್ಮನಿದ್ದು ಲೆಕ್ಕ ಹಾಕಿದಳು. "ಇನ್ನೊಂದು ಸುತ್ತು ಮುಗಿಯೋ ಹೊತ್ತಿಗೆ ನಂಗೆ ಇಪ್ಪತ್ಮೂರು."