ಗಾಡಿ ನಮ್ಮ ದುಡ್ಡಿನದು, ಕೀಲಿಕೈ ಯಾರದು?



"ನಮಗೇನೂ ಬೇಡ, ಹುಡುಗ ಓಡಾಡೋದಕ್ಕೆ ಒಂದು ಗಾಡಿ ಕೊಡಿಸಿಬಿಡಿ." ಮದುವೆ ಮಾತುಕತೆಯಲ್ಲಿ ಈ ಮಾತು ಕೇಳದ ಮನೆ ನಮ್ಮ ಸಂಘಗಳಲ್ಲಿ ಎಷ್ಟಿವೆ? ಹಿಂದೆ ಸೈಕಲ್ಲು, ವಾಚು, ರೇಡಿಯೋ ಕೇಳುತ್ತಿದ್ದರು. ಆಮೇಲೆ ಸ್ಕೂಟರ್ ಬಂತು. ಈಗ ಬೈಕು, ಅನುಕೂಲಸ್ಥರಾದರೆ ಕಾರು. ಹುಡುಗ ಓಡಾಡಬೇಕು, ಸರಿ. ಹುಡುಗಿ ಓಡಾಡುವುದು ಬೇಡವೇ ಎಂದು ಪಡಸಾಲೆಯಲ್ಲಿ ಕೂತ ಹಿರಿಯರು ಯಾರೂ ಕೇಳುವುದಿಲ್ಲ. ಅಪ್ಪ ಹೊಲ ಅಡವಿಟ್ಟು ಕೊಡಿಸಿದ ಗಾಡಿಯ ಹಿಂದಿನ ಸೀಟಿನಲ್ಲಿ, ಸೆರಗು ಚಕ್ರಕ್ಕೆ ಸಿಕ್ಕದಂತೆ ಹಿಡಿದುಕೊಂಡು ಕೂರುವುದಷ್ಟೇ ಮಗಳ ಪಾಲು.

ನಾನು ಹೇಳಬೇಕೆಂದಿರುವುದು ಒಂದೇ ಮಾತು: ಅಳಿಯನಿಗೆ ಗಾಡಿ ಕೊಡಿಸಬೇಡಿ, ಮಗಳಿಗೆ ಗಾಡಿ ಕಲಿಸಿ.

ಗಾಡಿ ಕೊಟ್ಟರೆ ಮಗಳು ಸುಖವಾಗಿರುತ್ತಾಳೆ ಎಂದು ನಂಬುವವರು ಕೇರಳದ ಕೊಲ್ಲಂ ಜಿಲ್ಲೆಯಲ್ಲಿ ನಡೆದದ್ದನ್ನು ಕೇಳಬೇಕು. 2021ರ ಜೂನ್‌ನಲ್ಲಿ ಆಯುರ್ವೇದ ವೈದ್ಯಕೀಯ ಓದುತ್ತಿದ್ದ ಹೆಣ್ಣುಮಗಳೊಬ್ಬಳು ಗಂಡನ ಮನೆಯಲ್ಲಿ ಸತ್ತಳು. ತವರಿನವರು ಚಿನ್ನ ಕೊಟ್ಟಿದ್ದರು, ಜಮೀನು ಕೊಟ್ಟಿದ್ದರು, ಕಾರೂ ಕೊಟ್ಟಿದ್ದರು. ಆದರೆ ಅದು ತನಗೆ ಬೇಕಾದ ಕಾರಲ್ಲ ಎಂದು ಗಂಡ ಕಾಡಿದ. ಅವನು ಮೋಟಾರು ವಾಹನ ಇಲಾಖೆಯಲ್ಲಿ ಸಹಾಯಕ ಇನ್‌ಸ್ಪೆಕ್ಟರ್ ಆಗಿದ್ದವನು! ಸರ್ಕಾರ ಅವನನ್ನು ಕೆಲಸದಿಂದ ವಜಾ ಮಾಡಿತು. 2022ರ ಮೇ ತಿಂಗಳಲ್ಲಿ ಕೊಲ್ಲಂ ನ್ಯಾಯಾಲಯ 10 ವರ್ಷ ಶಿಕ್ಷೆ ವಿಧಿಸಿತು. 2025ರ ಜುಲೈನಲ್ಲಿ ಸುಪ್ರೀಂ ಕೋರ್ಟು, ಮೇಲ್ಮನವಿ ತೀರ್ಮಾನವಾಗುವವರೆಗೆ ಶಿಕ್ಷೆಯನ್ನು ತಡೆಹಿಡಿಯಿತು. ವಿದ್ಯೆ, ಚಿನ್ನ, ಕಾರು ಯಾವುದೂ ಆ ಹುಡುಗಿಯನ್ನು ಉಳಿಸಲಿಲ್ಲ. ಕೊಟ್ಟಷ್ಟೂ ಬಾಯಿ ದೊಡ್ಡದಾಗುತ್ತದೆ. ವರದಕ್ಷಿಣೆಯ ಸ್ವಭಾವವೇ ಅದು.

ಹಾಗಾದರೆ ಡ್ರೈವಿಂಗ್ ಕಲಿತರೆ ಹೊಡೆತ ನಿಲ್ಲುತ್ತದೆಯೇ? ಇಲ್ಲ. ಹೊಡೆಯುವ ಕೈಯನ್ನು ತಡೆಯಲು ಕಾನೂನು ಬೇಕು, ಸಂಘಟನೆ ಬೇಕು. ಆದರೆ ಠಾಣೆಗೆ, ಆಸ್ಪತ್ರೆಗೆ, ತವರಿಗೆ, ಸಂಘದ ಅಕ್ಕನ ಮನೆಗೆ ಹೋಗಲು ದಾರಿಯೂ ಬೇಕಲ್ಲ? 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ನಮಗೆ ಉಚಿತ ಬಸ್ಸು ಸಿಕ್ಕಿತು. ಅದು ದೊಡ್ಡ ಅನುಕೂಲವೇ. ಆದರೆ ನಮ್ಮೂರಿನ ಕಡೇ ಬಸ್ಸು ರಾತ್ರಿ ಎಂಟಕ್ಕೆ ಹೋಗಿಬಿಡುತ್ತದೆ. ಹೊಡೆತಗಳು ಬಸ್ಸಿನ ವೇಳೆ ನೋಡಿಕೊಂಡು ಬೀಳುವುದಿಲ್ಲ. ಮಗುವಿಗೆ ನಡುರಾತ್ರಿ ಜ್ವರ ಏರಿದಾಗ, ಬಾಗಿಲಲ್ಲಿ ನಿಂತ ಗಾಡಿಯ ಕೀಲಿಗಾಗಿ ಕುಡಿದು ಮಲಗಿದವನನ್ನು ಅಂಗಲಾಚುವ ಗತಿ ನಮಗೇಕೆ?

"ಗಂಡನೇ ಕಲಿಸಬಹುದಲ್ಲ, ಸ್ಕೂಲಿಗೆ ಯಾಕೆ ದುಡ್ಡು ಹಾಕಬೇಕು?" ಎನ್ನುವವರಿದ್ದಾರೆ. ಪ್ರೀತಿಯಿಂದ ಕಲಿಸುವ ಗಂಡಂದಿರು ಇದ್ದರೆ ಸಂತೋಷ. ನಾನು ಕಂಡಂತೆ, ಗಾಡಿ ಒಮ್ಮೆ ಆಫ್ ಆದರೆ "ನಿಂಗೆ ಮುದ್ದೆ ತಿರುವೋಕೆ ಮಾತ್ರ ಗೊತ್ತು" ಎಂಬ ಬೈಗುಳ, ಎರಡನೇ ಸಲ ತಲೆಗೆ ಮೊಟಕು. ಹೆದರಿಸಿ ಕಲಿಸುವವನು ಕಲಿಸುವುದು ಹೆದರಿಕೆಯನ್ನೇ.

ಹಾಗಂತ ಡ್ರೈವಿಂಗ್ ಸ್ಕೂಲುಗಳೇನೂ ನಮಗಾಗಿ ಹೂ ಹಾಸಿ ಕೂತಿಲ್ಲ. ನಾನು 43ನೇ ವಯಸ್ಸಿನಲ್ಲಿ ಪೇಟೆಯ ಒಂದು ಸ್ಕೂಲಿಗೆ ಸೇರಿದೆ. ಮೊದಲ ದಿನವೇ "ಈ ವಯಸ್ಸಲ್ಲಿ ಯಾಕಮ್ಮಾ, ಯಜಮಾನ್ರು ಓಡಿಸಲ್ವಾ?" ಎಂದು ಕೇಳಿದರು. ಎರಡನೇ ದಿನ ಗೇರಿನ ಮೇಲೆ ನನ್ನ ಕೈ, ನನ್ನ ಕೈ ಮೇಲೆ ಕಲಿಸುವವನ ಕೈ. "ಕೈ ತೆಗೀರಿ, ಬಾಯಲ್ಲಿ ಹೇಳಿ" ಎಂದೆ. "ಹಿಂಗಂದ್ರೆ ಕಲಿಯೋಕಾಗಲ್ಲ" ಎಂದ. ತರಬೇತಿ ಕಾರಿನಲ್ಲಿ ಕಲಿಸುವವನ ಕಾಲ ಕೆಳಗೂ ಕ್ಲಚ್ಚು, ಬ್ರೇಕು ಇರಬೇಕೆಂದು ನಿಯಮವಿದೆ. ಗಾಡಿ ತಡೆಯಲು ಅವನಿಗೆ ಅದು ಸಾಕು. ನನ್ನ ಕೈ ಹಿಡಿಯುವ ಅಗತ್ಯವೇನು?

ಮಾರನೇ ದಿನ ಸಂಘದ ಐದು ಜನ ಒಟ್ಟಿಗೆ ಮಾಲೀಕರ ಮುಂದೆ ಹೋಗಿ ಕೂತೆವು. ಕಲಿಸುವವನು ಮೈಕೈ ಮುಟ್ಟಕೂಡದು. ಪಾಠದ ವೇಳೆ ಹಿಂದಿನ ಸೀಟಿನಲ್ಲಿ ನಮ್ಮವಳೊಬ್ಬಳು ಇರಬೇಕು. ಓಡಿಸಿದ ಗಂಟೆಗಳನ್ನು ಪುಸ್ತಕದಲ್ಲಿ ಬರೆದು ನಮ್ಮ ಸಹಿ ಪಡೆಯಬೇಕು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಸ್ಕೂಲಿನವರು ಕಾರಿಗೆ ಕನಿಷ್ಠ 21 ದಿನ ತರಬೇತಿ ಕೊಡಬೇಕು, ಅದರಲ್ಲಿ ಕನಿಷ್ಠ 10 ಗಂಟೆ ನಾವೇ ಓಡಿಸಬೇಕು. ಇದನ್ನು ತಿಳಿಯದವರನ್ನು ಹತ್ತು ಸುತ್ತು ಹಾಕಿಸಿ ಕಳಿಸಿಬಿಡುತ್ತಾರೆ. ಐದು ಜನರ ಶುಲ್ಕ ಕೈತಪ್ಪುತ್ತದೆಂದು ಕಂಡಾಗ ಮಾಲೀಕರು ಒಪ್ಪಿದರು. ಒಬ್ಬಳೇ ಹೋಗಿದ್ದರೆ ಜಂಬದವಳು ಎನ್ನುತ್ತಿದ್ದರು. ಐವರು ಹೋದೆವು, ಗಿರಾಕಿಗಳಾದೆವು.

"ಹೆಂಗಸರಿಗೆ ಇದೆಲ್ಲ ಆಗುವುದಿಲ್ಲ" ಎಂಬ ಮಾತಿಗೆ ಉತ್ತರ ಪಕ್ಕದ ತಮಿಳುನಾಡಿನಲ್ಲಿ ಎಂದೋ ಸಿಕ್ಕಿದೆ. 1990ರ ದಶಕದ ಆರಂಭದಲ್ಲಿ ಪುದುಕ್ಕೋಟ್ಟೈ ಜಿಲ್ಲೆಯ ಸಾಕ್ಷರತಾ ಆಂದೋಲನದ ಜೊತೆಗೇ ಸಾವಿರಾರು ಬಡ ಹೆಂಗಸರು ಸೈಕಲ್ ಕಲಿತರು. ಕಲ್ಲು ಕ್ವಾರಿಯ ಕೂಲಿಗಳೂ ಅವರಲ್ಲಿದ್ದರು. 1993ರಲ್ಲಿ ಕನ್ಯಾಕುಮಾರಿ ಕಡೆಯ ವಸಂತಕುಮಾರಿ ಸರ್ಕಾರಿ ಬಸ್ಸಿನ ಡ್ರೈವರ್ ಆದರು. ಲೈಸೆನ್ಸಿಗೆ ಗಂಡನ ಒಪ್ಪಿಗೆ ಬೇಕೆಂದು ಯಾವ ಕಾನೂನೂ ಹೇಳುವುದಿಲ್ಲ. 18 ತುಂಬಿದ್ದರೆ ನಮ್ಮ ಸಹಿ ಸಾಕು. ಬಾಡಿಗೆ ಗಾಡಿ ಓಡಿಸಲು ಎಂಟನೇ ತರಗತಿ ಪಾಸಾಗಿರಬೇಕೆಂಬ ನಿಯಮವನ್ನೂ 2019ರಲ್ಲಿ ತೆಗೆದುಹಾಕಿದ್ದಾರೆ.

ಈಗ ನಮ್ಮ ಮನೆಯೊಳಗಿನ ಮಾತು. ಸಂಘದ ಸಾಲ ಯಾರ ಹೆಸರಿನಲ್ಲಿದೆ? ನಮ್ಮ ಹೆಸರಿನಲ್ಲಿ. ಆ ಸಾಲದಲ್ಲಿ ತಂದ ಬೈಕಿನ ಆರ್.ಸಿ. ಯಾರ ಹೆಸರಿನಲ್ಲಿದೆ? ವಾರ ವಾರ ಕಂತು ಕಟ್ಟುವವಳು ನಡೆದು ಬರುತ್ತಾಳೆ, ಕಟ್ಟದವನು ಗಾಡಿಯಲ್ಲಿ ಹೋಗುತ್ತಾನೆ. ಮಗಳ ಮದುವೆಗೆಂದು ಎತ್ತಿದ ಸಾಲ ಅಳಿಯನ ಗಾಡಿಯಾಗಿ ಹೊರಟುಹೋಗುತ್ತದೆ. ಹೀಗೆ ನಮ್ಮ ಸಂಘಗಳೇ ವರದಕ್ಷಿಣೆಗೆ ಬಂಡವಾಳ ಹೂಡುತ್ತಿವೆಯಲ್ಲ, ಇದನ್ನು ನಾವು ಯೋಚಿಸಬೇಡವೇ?

ಕೇಳಿ ಪಡೆದ ಗಾಡಿಯೂ 1961ರ ವರದಕ್ಷಿಣೆ ನಿಷೇಧ ಕಾಯ್ದೆಯ ಪ್ರಕಾರ ವರದಕ್ಷಿಣೆಯೇ. ಮದುವೆಗೆ ಮುಂಚೆಯೋ, ಮದುವೆಯ ದಿನವೋ ಬೇರೆಯವರು ಪಡೆದದ್ದನ್ನು ಮದುವೆಯಾದ ಮೂರು ತಿಂಗಳೊಳಗೆ ಹೆಣ್ಣಿಗೆ ಒಪ್ಪಿಸಬೇಕೆಂದು ಅದೇ ಕಾಯ್ದೆಯ 6ನೇ ಕಲಂ ಹೇಳುತ್ತದೆ. ಅವಳ ಸ್ತ್ರೀಧನವನ್ನು ಹಿಂದಿರುಗಿಸಲು 2005ರ ಕೌಟುಂಬಿಕ ಹಿಂಸೆ ಕಾಯ್ದೆಯಡಿ ಮ್ಯಾಜಿಸ್ಟ್ರೇಟರು ಆದೇಶ ಕೊಡಬಹುದು. ಆದರೆ ಆರ್.ಸಿ. ಅವನ ಹೆಸರಿನಲ್ಲಿದ್ದರೆ, ಕೊಟ್ಟವರು ನಾವು ಎಂದು ಸಾಬೀತು ಮಾಡುವುದರಲ್ಲೇ ವರ್ಷಗಳು ಕಳೆಯುತ್ತವೆ.

ಇನ್ನೊಂದು ಎಚ್ಚರಿಕೆ. "ಹುಡುಗಿಗೆ ಡ್ರೈವಿಂಗ್ ಬರುತ್ತೆ" ಎಂಬುದೂ ನಾಳೆ ವಧುಪರೀಕ್ಷೆಯ ಪ್ರಶ್ನೆಯಾಗಬಹುದು. ಮಕ್ಕಳನ್ನು ಸ್ಕೂಲಿಗೆ ಬಿಡು, ರೇಷನ್ ತಾ, ಅತ್ತೆಯನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗು ಎಂದು ಇನ್ನೊಂದು ಹೊರೆ ಹೊರಿಸಬಹುದು. ನಾವು ಕಲಿಯುವುದು ಮನೆಯ ಪುಕ್ಕಟೆ ಡ್ರೈವರ್ ಆಗಲು ಅಲ್ಲ. ನಮಗೆ ಬೇಕಾದಾಗ, ಬೇಕಾದ ಕಡೆಗೆ ಹೋಗಲು.

ಆದ್ದರಿಂದ ಅಕ್ಕತಂಗಿಯರೇ, ಮುಂದಿನ ಸಭೆಯ ನಡಾವಳಿ ಪುಸ್ತಕದಲ್ಲಿ ಬರೆಯಿರಿ: ಅಳಿಯನ ಗಾಡಿಗೆ ನಮ್ಮ ಸಂಘ ಸಾಲ ಕೊಡುವುದಿಲ್ಲ. ಸಂಘದ ಸಾಲದಿಂದ ತಂದ ಗಾಡಿಯ ಆರ್.ಸಿ. ಸಾಲ ತೀರಿಸುವವಳ ಹೆಸರಿನಲ್ಲೇ ಇರಬೇಕು. ಡ್ರೈವಿಂಗ್ ಕಲಿಯಲು ಹೊರಟ ಸದಸ್ಯೆಗೆ ಮೊದಲ ಸಾಲ. ಸ್ಕೂಲಿಗೆ ಐದೈದು ಜನ ಒಟ್ಟಿಗೆ ಹೋಗುವುದು. ಬರೆದು, ಎಲ್ಲರೂ ಸಹಿ ಹಾಕಿ. ಸಹಿ ಬಾರದವರು ಹೆಬ್ಬೆಟ್ಟು ಒತ್ತಿ.